ಬಾವಿಗೆ ಬಂದ ಗಪ್ಪಿ

ಗಾಜಿನ ಪೆಟ್ಟಿಗೇಲಿ ಮೀನು ಸಾಕೋದು ಬೆಂಗಳೂರಿನೋರ ಶೋಕಿ ಅಂತ ನಮ್ಮ ಕಡೆ ಹೆಣ್ಣುಮಕ್ಕಳು ಇವತ್ತಿಗೂ ಅಂತಾರೆ. ಮೊಮ್ಮಕ್ಕಳು ಹಟ ಮಾಡಿ ಚಿಕ್ಕಬಳ್ಳಾಪುರದಿಂದ ನಾಲ್ಕು ಬಣ್ಣದ ಗಪ್ಪಿ ತಂದರೆ "ಇದೇನು ಹೊಸಾ ಪೀಡೆ" ಅಂತ ಗೊಣಗೋರೇ ಜಾಸ್ತಿ. ಆದರೆ ಗಪ್ಪಿ ನಮಗೆ ಹೊಸದಲ್ಲ. ಅಂಗಡೀಲಿ ಮಾರಾಟಕ್ಕೆ ಬರೋಕೆ ಮುಂಚೆ ಅದು ನಮ್ಮ ಊರಿನ ಬಾವೀಲಿತ್ತು, ಹಿತ್ತಲ ತೊಟ್ಟೀಲಿತ್ತು. ಅಂದಕ್ಕೆ ಅಂತ ಯಾರೂ ತಂದದ್ದಲ್ಲ, ಚಳಿಜ್ವರ ತಡೆಯೋಕೆ ತಂದದ್ದು. ಅದು ಇಲ್ಲಿಗೆ ಬಂದದ್ದರಲ್ಲಿ ನಮ್ಮ ರೇಷ್ಮೆ ಹುಳದ್ದೂ ಒಂದು ಪಾಲು ಐತೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1883ರಲ್ಲಿ ರೊನಾಲ್ಡ್ ರಾಸ್ ಅನ್ನೋ ದಂಡಿನ ಡಾಕ್ಟರು ಬೆಂಗಳೂರಿನಲ್ಲಿದ್ದರು. ಬಂಗಲೇಲಿ ಸೊಳ್ಳೆ ಕಾಟ ತಡೀಲಾರದೆ ಹುಡುಕಿದರೆ ಕಿಟಕಿ ಹತ್ತಿರದ ನೀರಿನ ತೊಟ್ಟೀಲಿ ಸೊಳ್ಳೆಮರಿ ಮಿಜಿಮಿಜಿ ಅಂತಿದ್ದವು. ನೀರು ಚೆಲ್ಲಿಸಿದರು, ಸೊಳ್ಳೆ ಹೋಯ್ತು. ಮಿಕ್ಕ ತೊಟ್ಟಿಗಳದ್ದೂ ಚೆಲ್ಲಿಸೋಣ ಅಂದರೆ ಅಲ್ಲಿನ ಅಧಿಕಾರಿ ಒಪ್ಪಲಿಲ್ಲವಂತೆ. ಸೊಳ್ಳೇನ ದೇವರು ಏನಕ್ಕೋ ಸೃಷ್ಟಿ ಮಾಡವ್ನೆ, ಸಹಿಸ್ಕೋಬೇಕು ಅಂತ ಅವರ ವಾದ. 14 ವರ್ಷ ಆದ ಮೇಲೆ, 1897ರಲ್ಲಿ, ಅದೇ ರಾಸ್ ಸಿಕಂದರಾಬಾದಿನಲ್ಲಿ ಮಲೇರಿಯಾದ ರೋಗಾಣುವನ್ನ ಸೊಳ್ಳೆ ಹೊಟ್ಟೇಲಿ ಕಂಡುಹಿಡಿದರು. ಅಧಿಕಾರಿ ಏನಂದರೋ.

ನೀರು ಚೆಲ್ಲೋದು ತೊಟ್ಟಿಗಾದರೆ ಸರಿ, ಬಾವಿಗೆ ಏನು ಮಾಡೋದು? ಆಗ ನೆನಪಿಗೆ ಬಂದದ್ದು ಮೀನು. ಗಪ್ಪಿ ತೆಂಕಣ ಅಮೆರಿಕದ ವೆನೆಜುವೆಲಾ, ಟ್ರಿನಿಡಾಡ್ ದ್ವೀಪದ ಕಡೇದು. ಟ್ರಿನಿಡಾಡಿನಿಂದ ಅದನ್ನ ಲಂಡನ್ನಿನ ಮ್ಯೂಸಿಯಂಗೆ ಕಳಿಸಿದೋರು ಗಪ್ಪಿ ಅನ್ನೋರು, ಹಂಗಾಗಿ ಮೀನಿಗೂ ಅದೇ ಹೆಸರು. ಸುಮಾರು 1910ರಲ್ಲಿ ಇಂಡಿಯಾಕ್ಕೆ ಬಂತು. ಅದರ ಸಂಬಂಧಿ ಗ್ಯಾಂಬೂಸಿಯಾ 1928ರಲ್ಲಿ ಇಟಲಿಯಿಂದ ಬಂತು. ಎರಡರ ಬಾಯೂ ಮೇಲ್ಮುಖವಾಗಿರ್ತದೆ. ಸೊಳ್ಳೆಮರಿ ಉಸಿರಿಗೆ ನೀರಿನ ಮೇಲಕ್ಕೆ ಬರಲೇಬೇಕಲ್ಲ, ಬಂದ ತಕ್ಷಣ ಗುಳುಂ.

ಆದರೆ ಮೀನಿಗೆ ಬೆಲೆ ಇಲ್ಲದ ಕಾಲವೊಂದು ನಡುವೆ ಬಂತು. 1953ರಲ್ಲಿ ಸರ್ಕಾರ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿ ಗೋಡೆಗೋಡೆಗೂ ಡಿಡಿಟಿ ಹೊಡೆಸಿತು. ದೇಶದಲ್ಲಿ ವರ್ಷಕ್ಕೆ ಕೋಟಿಗಟ್ಟಲೆ ಇದ್ದ ಕಾಯಿಲೆ 1965ರ ಹೊತ್ತಿಗೆ ಒಂದು ಲಕ್ಷಕ್ಕೆ ಇಳಿದಿತ್ತು. ಆಮೇಲೆ ಸೊಳ್ಳೆ ಔಷಧಿಗೆ ಒಗ್ಗಿಹೋಯ್ತು, 1976ರಲ್ಲಿ ಕಾಯಿಲೆ ಮತ್ತೆ 64 ಲಕ್ಷ ದಾಟಿತು.

ನಮ್ಮ ಸೀಮೇಲಿ ಇನ್ನೊಂದು ತೊಡಕಿತ್ತು. ಅದು ಹುಳದ ಮನೆ. ನಿಮಗೆಲ್ಲ ಗೊತ್ತಿರೋದೇ, ಆಗ ಬೇರೆ ಶೆಡ್ಡು ಎಲ್ಲಿತ್ತು? ನಡುಮನೇಲೇ ತಟ್ಟೆ, ಅಟ್ಟಣಿಗೆ, ಚಂದ್ರಿಕೆ. ಮೂಲೇಲಿ ಒಲೆ, ಪಕ್ಕದಲ್ಲಿ ನಾವು ಮಲಗೋದು. ಹುಳ ಮೇಯೋ ಮನೇಲಿ ಸೊಳ್ಳೆಬತ್ತಿ ಹಚ್ಚಂಗಿಲ್ಲ. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕಂಗಿಲ್ಲ. ಇನ್ನು ಡಿಡಿಟಿ ಹೊಡೀತೀವಿ ಅಂತ ಮಲೇರಿಯಾದೋರು ಬಂದರೆ ಒಳಗೆ ಬಿಡ್ತಾರಾ? "ಒಂದು ಬೆಳೆ ಹೋದರೆ ನೀನು ಕೊಡ್ತೀಯೇನಪ್ಪಾ" ಅಂತ ನಮ್ಮತ್ತೆ ಬಾಗಿಲಿಗೆ ಅಡ್ಡ ನಿಂತದ್ದು ನನ್ನ ಕಣ್ಣಲ್ಲಿ ಕಟ್ಟಿದಂಗೈತೆ. ಅವರು ಗೋಡೆ ಮೇಲೆ ತಾರೀಖು ಬರೆದು ಹೋಗೋರು ಅಷ್ಟೇ. ಅವರದ್ದೂ ತಪ್ಪಲ್ಲ, ನಮ್ಮತ್ತೇದೂ ತಪ್ಪಲ್ಲ. ಹುಳಕ್ಕೆ ನಾಲ್ಕು ಸಲ ಜ್ವರ, ಜ್ವರಕ್ಕೆ ಕೂತು ಪೊರೆ ಬಿಟ್ಟು ಏಳ್ತವೆ. ಮನುಷ್ಯರ ಚಳಿಜ್ವರ ಹಂಗಲ್ಲವಲ್ಲ. ದಿನ ಬಿಟ್ಟು ದಿನ ಬಂದು ಮೈ ಮುರಿಯೋದು. ಎರಡು ಕಂಬಳಿ ಹೊದ್ದು ನಡುಗ್ತಾ ಇದ್ದ ಬಾಣಂತಿ ಎದ್ದು ರಾತ್ರಿ ಸೊಪ್ಪು ಹಾಕಿದ್ದು ನಾನೇ ನೋಡಿವ್ನಿ.

ಔಷಧಿ ಹೊಡೆಯಂಗಿಲ್ಲ, ಬಾವಿ ಮುಚ್ಚಂಗಿಲ್ಲ ಅಂದಾಗ ಉಳಿದದ್ದು ಮೀನೇ. ದೆಹಲಿಯ ಮಲೇರಿಯಾ ಸಂಶೋಧನಾ ಕೇಂದ್ರಕ್ಕೆ ಬೆಂಗಳೂರಿನಲ್ಲೊಂದು ಶಾಖೆ ಇತ್ತು. ಅವರು ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಹಳ್ಳಿಗಳಲ್ಲಿ ಬಾವಿಗೆ ಗಪ್ಪಿ, ಹಳ್ಳ ಕುಂಟೆಗೆ ಗ್ಯಾಂಬೂಸಿಯಾ ಬಿಟ್ಟರು. ಆಗ ನಾವೂ ಕೋಲಾರ ಜಿಲ್ಲೆಯೋರೇ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆದದ್ದು 2007ರಲ್ಲಿ. ಕಾಮಸಮುದ್ರದ ಕಡೆ ಮಲೇರಿಯಾ ಇಲ್ಲದಂಗಾಯ್ತು ಅಂತ ಅವರು 2005ರಲ್ಲಿ ಪ್ರಕಟಿಸಿದರು. ತುಮಕೂರು ಜಿಲ್ಲೇಲಿ 2001ರಲ್ಲಿ ಕಲಾಜಾಥಾ ಮಾಡಿ, ಹಾಡು ನಾಟಕದಲ್ಲಿ ಈ ಮೀನಿನ ವಿಚಾರ ಊರೂರಿಗೆ ಹೇಳಿದರು.

ಇಂಥ ಕಡೆ "ಸಮುದಾಯದ ಸಹಭಾಗಿತ್ವ" ಅಂತ ಒಂದು ಮಾತು ಬರೀತಾರೆ. ಆ ಸಮುದಾಯ ಯಾರು ಅಂತ ನಾನು ಹೇಳ್ತೀನಿ ಕೇಳ್ರಮ್ಮ. ಆಸ್ಪತ್ರೆಯೋರು ಕ್ಯಾನಿನಲ್ಲಿ ತಂದು ಬಿಟ್ಟು ಹೋದರು, ಸರಿ. ದಿನಾ ಸೇದೋದು ಯಾರು? ಬಿಂದಿಗೇಲಿ ಮೀನು ಬಂದರೆ ಬಗ್ಗಿ ವಾಪಸ್ ಬಿಟ್ಟೋರು ಯಾರು? ಹೂಳು ತೆಗೆಯೋ ದಿನ ಹಂಡೇಲಿ ನಾಲ್ಕು ಮೀನು ಉಳಿಸಿಕೊಂಡೋರು, ಬಾವಿಗೆ ಬ್ಲೀಚಿಂಗ್ ಪುಡಿ ಸುರಿಯೋಕೆ ಬಂದರೆ "ಒಸಿ ಇರಪ್ಪಾ, ಮೀನು ಎತ್ಕೊಂತೀವಿ" ಅಂದೋರು? ಇದ್ಯಾವುದೂ ವರದೀಲಿ ಬರೋ ಕೆಲಸ ಅಲ್ಲ. ಬಸುರಿ ಗಪ್ಪಿ ಒಂದು ಉಳಿದರೂ ಸಾಕು, ನಾಲ್ಕು ವಾರಕ್ಕೆ ಇಪ್ಪತ್ತು ಮೂವತ್ತು ಮರಿ. ಮೊಟ್ಟೆ ಇಡಲ್ಲ, ಮರೀನೇ ಹಾಕ್ತದೆ. ಅದಕ್ಕೇ ನಮ್ಮ ಹೆಂಗಸರಿಗೆ ಅದರ ಮೇಲೆ ಬೇರೆಯೇ ಅಕ್ಕರೆ.

ಬಾವಿಗಳು ಎಲ್ಲಿ ಹೋದವು ಅಂತ ಮಾತ್ರ ಕೇಳಬೇಡಿ. ಬೋರ್‌ವೆಲ್ ಸಾವಿರ ಅಡಿ ದಾಟಿದ ಮೇಲೆ ಸೇದೋ ಬಾವಿ ತಳ ಕಂಡವು, ಮೀನೂ ಹೋದವು. ನಮ್ಮ ಕಳವಾರ ಬೆಟ್ಟಕ್ಕೆ (ಬೆಂಗಳೂರಿನೋರ ಬಾಯಲ್ಲಿ ಸ್ಕಂದಗಿರಿ) ಕತ್ತಲೇಲಿ ಟಾರ್ಚು ಹಿಡಿದು ಹತ್ತೋ ಹುಡುಗರು ಕೆಳಗಿನ ಹಾಳುಬಾವಿ ನೋಡಿ ಕಸದ ಗುಂಡಿ ಅಂದುಕೊಂತಾರೆ.

ಈಗ ನೀರು ವಾರಕ್ಕೊಂದು ಸಲ. ಸಂಪು, ಸಿಮೆಂಟ್ ತೊಟ್ಟಿ, ನೀಲಿ ಡ್ರಮ್ಮು ತುಂಬಿಸಿಡ್ತೀವಿ. ಅದು ಡೆಂಗಿ ಸೊಳ್ಳೆಗೆ ಬಲು ಇಷ್ಟ; ಅದಕ್ಕೆ ಈಡಿಸ್ ಅಂತಾರೆ, ಹಗಲು ಕಚ್ತದೆ. 2023ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೇಲಿ ಝೀಕಾ ವೈರಸ್ ಸಿಕ್ಕಿತ್ತಲ್ಲ, ಅದನ್ನ ಹರಡೋದೂ ಇದೇ. ಝೀಕಾ ಹೊಟ್ಟೇಲಿರೋ ಮಗೂನ ತಲೆ ಬೆಳೆಯದಂಗೆ ಮಾಡ್ತದೆ. ಆವಾಗ ಸುತ್ತಮುತ್ತ ಬಸುರೀರೆಲ್ಲ ಎಷ್ಟು ಹೆದರಿದ್ದರು ಅನ್ನೋದು ನಿಮಗೆ ನೆನಪಿರ್ತದೆ. ಈ ಸೊಳ್ಳೆ ಮೊಟ್ಟೆ ತೊಟ್ಟಿ ಗೋಡೆಗೆ ಅಂಟಿ ಒಣಗಿದರೂ ತಿಂಗಳುಗಟ್ಟಲೆ ಸಾಯಲ್ಲ, ನೀರು ಬಿದ್ದ ಕೂಡಲೇ ಜೀವ ಬರ್ತದೆ. ವಾರಕ್ಕೊಮ್ಮೆ ಗೋಡೆ ಉಜ್ಜಿ, ಬಟ್ಟೆ ಕಟ್ಟಿ ಮುಚ್ಚೋದು ಮೊದಲು. ಖಾಲಿ ಮಾಡೋಕಾಗದ ದೊಡ್ಡ ತೊಟ್ಟಿಗೆ ಐದಾರು ಗಪ್ಪಿ.

ಗಾಜಿನ ಪೆಟ್ಟಿಗೆ ಇಟ್ಟಿರೋರಿಗೂ ಅದೇ ಲೆಕ್ಕ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರ್ತದೆ, ಒಂದು ದಿನ ತೆರೆದಿಟ್ಟು ಹಾಕಿ. ಎಲ್ಲಾ ನೀರೂ ಒಟ್ಟಿಗೆ ಬದಲಾಯಿಸಬೇಡಿ, ಕಾಲುಭಾಗ ಸಾಕು. ತಾಯಿಮೀನು ತನ್ನ ಮರೀನೇ ತಿಂತದೆ, ಸ್ವಲ್ಪ ನೀರಗಿಡ ಇದ್ದರೆ ಮರಿಗೆ ಅಡಗೋಕೆ ಜಾಗ. ಜಾಸ್ತಿ ಆದವು ಅಂತ ಕೆರೆಗೆ ಮಾತ್ರ ಸುರೀಬೇಡಿ. ಪರದೇಶದ ಮೀನು ನಮ್ಮ ಕೆರೆ ಮೀನಿನ ಮೊಟ್ಟೆ, ಮರೀನ ಬಿಡಲ್ಲ. ಅದರಲ್ಲೂ ಗ್ಯಾಂಬೂಸಿಯಾ ಕಪ್ಪೆಮರೀನೂ ಹರಿದು ಹಾಕ್ತದೆ, ಅದರ ಸಹವಾಸವೇ ಬೇಡ.

ನಮ್ಮ ಹಿತ್ತಲ ತೊಟ್ಟೀಲಿ ಈಗ ಎಣಿಸೋಕಾಗದಷ್ಟು ಅವೆ. ಬೇಕಾದೋರು ಮುಚ್ಚಳಕ್ಕೆ ತೂತು ಹಾಕಿದ ಡಬ್ಬಿ ತಗೊಂಡು ಬನ್ನಿ, ಬಿಸಿಲೇರೋಕೆ ಮುಂಚೆ ಬಂದರೆ ಒಳ್ಳೇದು.