ಶರಾವತಿ ಕರೆಂಟು, ಬೆಳಗಾವಿಯ ಕುಲುಮೆ ಮತ್ತು ಕರಗಿ ಹೋದ ಲೆಕ್ಕ

ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಲೆನಾಡಿನ ಒಂದು ನದಿ ಇರಬಹುದು ಅಂದ್ರೆ ನಂಬ್ತೀರಾ? ಒಂದು ಕೆಜಿ ಅಲ್ಯೂಮಿನಿಯಂ ಮಾಡೋಕೆ ಸುಮಾರು 15 ಯೂನಿಟ್ ಕರೆಂಟು ಬೇಕು.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ, ಹೊಸನಗರ ದಾಟಿ ಸಾಗರಕ್ಕೆ ಬರುತ್ತೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಸಾಗರ, ಹೊಸನಗರದ ಊರು, ಗದ್ದೆ, ತೋಟ ಮುಳುಗಿದವು. ಆಗಿನ ಮೈಸೂರು ರಾಜ್ಯದ ಕರೆಂಟಿಗೆ ಶರಾವತಿಯೇ ದೊಡ್ಡ ಆಸರೆ. 1970ರ ಆಸುಪಾಸಿನಲ್ಲಿ ಇಂಡಿಯನ್ ಅಲ್ಯೂಮಿನಿಯಂ ಕಂಪನಿ ಬೆಳಗಾವಿಯಲ್ಲಿ ಕುಲುಮೆ ಶುರು ಮಾಡಿತು.

ಕುಲುಮೆ ಒಳಗೆ ಏನಾಗುತ್ತೆ? ಅಲ್ಯೂಮಿನಾ ಪುಡಿ ತಾನಾಗೇ ಕರಗೋಕೆ 2,000 ಡಿಗ್ರಿ ದಾಟಬೇಕು. ಆದರೆ ಕ್ರಯೋಲೈಟ್ ಅನ್ನೋ ಉಪ್ಪನ್ನು ಕಾಯಿಸಿ ದ್ರವ ಮಾಡಿದ್ರೆ, ಅದರಲ್ಲಿ ಸುಮಾರು 960 ಡಿಗ್ರಿಗೇ ಕರಗುತ್ತೆ. 1886ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಬೇರೆ ಬೇರೆಯಾಗಿ ಕಂಡುಕೊಂಡ ದಾರಿ ಇದು. ಕರೆಂಟು ಹರಿಸಿದ್ರೆ ದ್ರವ ಲೋಹ ತಳಕ್ಕೆ ಇಳಿಯುತ್ತೆ.

ತೊಂದರೆ ಇರೋದು ಇಲ್ಲೇ. ಬಂದ ಲೋಹದಲ್ಲಿ ಚೂರು ಮತ್ತೆ ಉಪ್ಪಿನೊಳಗೆ ಕರಗುತ್ತೆ. ಎಷ್ಟು? ಉಪ್ಪಿನ ಸ್ಯಾಂಪಲ್ ತಣ್ಣಗಾದ ಮೇಲೆ ಆಸಿಡ್ ಹಾಕಿ, ಹೊರಬರೋ ಹೈಡ್ರೋಜನ್ ಅಳೆಯುತ್ತಾರೆ. ಸಿಗೋದು ನೂರರಲ್ಲಿ ಒಂದು ಪಾಲೂ ಇಲ್ಲ. ಆದರೆ ಕರಗಿದ್ದು ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ಮತ್ತೆ ಆಕ್ಸೈಡ್ ಆಗುತ್ತೆ, ಆ ಜಾಗಕ್ಕೆ ಇನ್ನಷ್ಟು ಲೋಹ ಕರಗುತ್ತೆ. ಹಗಲು ರಾತ್ರಿ ಇದೇ.

ನಾನು ಕಾಮರ್ಸ್ ಓದಿದವನು, ಲೆಕ್ಕ ಹಾಕ್ತೀನಿ. 1,000 ಆಂಪಿಯರ್ ಇಡೀ ದಿನ ಹರಿದ್ರೆ, ಫ್ಯಾರಡೆ ನಿಯಮದ ಪ್ರಕಾರ 8.05 ಕೆಜಿ ಲೋಹ ಬರಬೇಕು. ಶೇ 90ರಷ್ಟೇ ಬಂದ್ರೆ 7.25 ಕೆಜಿ. ಬಾಕಿಗೆ ಸುರಿದ ಕರೆಂಟು ಬಹುಪಾಲು ಬರೀ ಬಿಸಿಯಾಯ್ತು. ಆ ಕರೆಂಟಿಗೂ ಊರು ಮುಳುಗಿದ್ದವಲ್ಲ!

ಬೆಳಗಾವಿಯಲ್ಲಿ ಈಗ ಲೋಹದ ಕುಲುಮೆ ಉರಿಯೋದಿಲ್ಲ, ಅಲ್ಯೂಮಿನಾ ಮಾತ್ರ ತಯಾರಾಗುತ್ತೆ. ಕುಲುಮೆಯಲ್ಲಿ ಕರಗಿದ್ದನ್ನು ಗ್ರಾಂ ಲೆಕ್ಕದಲ್ಲಿ ಅಳೆಯೋದು ನಮಗೆ ಗೊತ್ತಿತ್ತು. ಶರಾವತಿ ಮುಳುಗಡೆ ಸಂತ್ರಸ್ತರು ಮಾತ್ರ ಅರವತ್ತು ವರ್ಷ ಕಳೆದರೂ ಬದಲಿ ಭೂಮಿಯ ಹಕ್ಕುಪತ್ರಕ್ಕಾಗಿ ಹೋರಾಡ್ತಾನೇ ಇದ್ದಾರೆ. ನಿಮ್ಮ ಮನೆಯಲ್ಲಿ ಆ ಕಡೆಯಿಂದ ಬಂದ ಹಿರಿಯರಿದ್ರೆ, ಊರಿನ ಹೆಸರು, ಸರ್ವೆ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ.