ಟವರ್ ಬಂದ್ ಆದಾಗ ಮೆಸೇಜ್ ಹೋಗುವ ದಾರಿ ಇದೆಯಾ? ಫೋನಿನಿಂದ ಫೋನಿಗೆ ನೇರ ಸಂದೇಶ: ಗೊತ್ತಿರಬೇಕಾದ ವಿಷಯಗಳು

ತಾಳಗುಪ್ಪ: ಮಳೆಗಾಲದಲ್ಲಿ ಕರೆಂಟ್ ಹೋಗುವುದು ನಮಗೇನೂ ಹೊಸದಲ್ಲ. ಲೈನ್ ಮೇಲೆ ಒಂದು ಮರ ಬಿದ್ದರೆ ಸಾಕು. ಆದರೆ ಈಗ ಕರೆಂಟಿನ ಹಿಂದೆಯೇ ಫೋನೂ ಹೋಗುತ್ತೆ. ಕೆಲವು ಗಂಟೆ ಟವರ್ ಬ್ಯಾಟರಿ ಎಳೆಯುತ್ತೆ, ಆಮೇಲೆ ಡೀಸೆಲ್ ಹಾಕುವವರು ಬಾರದಿದ್ದರೆ ಆ ಟವರ್ ನಂಬಿದ ಅಷ್ಟೂ ಊರು ಮೂಕ. ಹಿಂದೆ ಲ್ಯಾಂಡ್‌ಲೈನ್ ಇದ್ದಾಗ ಹೀಗಿರಲಿಲ್ಲ, ಅದಕ್ಕೆ ಎಕ್ಸ್‌ಚೇಂಜಿನಿಂದಲೇ ಕರೆಂಟ್ ಬರುತ್ತಿತ್ತು. ಮನೆಯಲ್ಲಿ ಬುಡ್ಡಿದೀಪ ಹಚ್ಚಿಕೊಂಡೂ ಮಾತಾಡಬಹುದಿತ್ತು.

ಟವರ್ ಇಲ್ಲದೆ, ಇಂಟರ್ನೆಟ್ ಇಲ್ಲದೆ ಒಂದು ಫೋನಿನಿಂದ ಇನ್ನೊಂದಕ್ಕೆ ಮೆಸೇಜ್ ಕಳಿಸುವ ಆ್ಯಪ್‌ಗಳ ಸುದ್ದಿ ಇತ್ತೀಚೆಗೆ ಬಹಳ ಓಡಾಡುತ್ತಿದೆ. 2025ರ ಸೆಪ್ಟೆಂಬರಿನಲ್ಲಿ ನೇಪಾಳದ ಗಲಾಟೆ ಹೊತ್ತಿಗೆ ಬಿಟ್‌ಚಾಟ್ ಎಂಬ ಆ್ಯಪನ್ನು ಜನ ಮುಗಿಬಿದ್ದು ಇಳಿಸಿಕೊಂಡರು. ಇದು ನಮ್ಮ ಕಡೆ ಎಷ್ಟು ಕೆಲಸಕ್ಕೆ ಬರುತ್ತೆ, ಎಲ್ಲಿ ಬರೋದಿಲ್ಲ ಎಂಬುದನ್ನು ಮಳೆಗಾಲಕ್ಕೆ ಮೊದಲೇ ತಿಳಿದುಕೊಂಡರೆ ಒಳ್ಳೆಯದು.

ಮೊದಲು ವಾಟ್ಸಾಪ್ ಹೇಗೆ ಹೋಗುತ್ತೆ ನೋಡಿ

ಪೇಟೆಯಲ್ಲಿ ಕುಳಿತು ಎದುರಿನ ಅಂಗಡಿಯವರಿಗೆ ನೀವು ಕಳಿಸಿದ ವಾಟ್ಸಾಪ್ ರಸ್ತೆ ದಾಟಿ ನೇರ ಹೋಗೋದಿಲ್ಲ. ಟವರ್ ಹತ್ತಿ, ಕೇಬಲ್‌ನಲ್ಲಿ ಓಡಿ, ಎಲ್ಲೋ ದೂರದ ಸರ್ವರ್ ಮುಟ್ಟಿ, ಅದೇ ಟವರಿನಿಂದ ಇಳಿದು ಎದುರು ಅಂಗಡಿಗೆ ಬರುತ್ತೆ. ಈ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದರೂ ಮೆಸೇಜ್ ಮುಟ್ಟೋದಿಲ್ಲ. ಇಪ್ಪತ್ತು ಹೆಜ್ಜೆ ದೂರಕ್ಕೆ ಇಷ್ಟು ಸುತ್ತು ಯಾಕೆ, ಫೋನಿನಲ್ಲೇ ಬ್ಲೂಟೂತ್, ವೈಫೈ ರೇಡಿಯೋ ಇದೆಯಲ್ಲ ಎನ್ನುವುದೇ ನೇರ ಸಂದೇಶದ ಆಲೋಚನೆ. ಇಂಗ್ಲಿಷಿನಲ್ಲಿ ಇದನ್ನು ಪೀರ್ ಟು ಪೀರ್ ಅಂತಾರೆ. ನಡುವೆ ಯಜಮಾನ ಇಲ್ಲ, ಇಬ್ಬರೂ ಸಮ.

ಬ್ಲೂಟೂತ್ ಆ್ಯಪ್‌ಗಳು: ಪೇಟೆಗೆ ಸರಿ, ತೋಟಕ್ಕೆ ಅಲ್ಲ

ಬಿಟ್‌ಚಾಟ್ 2025ರ ಜುಲೈನಲ್ಲಿ ಹೊರಬಂತು. ಟ್ವಿಟ್ಟರ್ ಕಟ್ಟಿದವರಲ್ಲಿ ಒಬ್ಬರಾದ ಜಾಕ್ ಡಾರ್ಸಿ ಮಾಡಿದ್ದು. ಫೋನ್ ನಂಬರ್ ಬೇಡ, ಅಕೌಂಟ್ ಬೇಡ. ನಿಮ್ಮ ಮೆಸೇಜನ್ನು ಪಕ್ಕದ ಫೋನ್ ತೆಗೆದುಕೊಂಡು ಅದರ ಪಕ್ಕದ್ದಕ್ಕೆ ದಾಟಿಸುತ್ತೆ, ಹೀಗೆ ಏಳು ಕೈ ದಾಟಬಹುದು. ಕೇಳೋಕೆ ಚೆನ್ನಾಗಿದೆ. ಲೆಕ್ಕ ಹಾಕಿ ನೋಡಿ: ಬ್ಲೂಟೂತ್ ಬಯಲಿನಲ್ಲಿ ಮೂವತ್ತು ಮೀಟರ್ ಹೋದರೆ ಹೆಚ್ಚು, ಜಂಬಿಟ್ಟಿಗೆ ಗೋಡೆ ಅಡ್ಡ ಬಂದರೆ ಹತ್ತು. ಏಳು ಕೈ ದಾಟಿದರೂ ಇನ್ನೂರು ಮೀಟರ್. ಅದೂ ನಡುವಿನ ಆರು ಜನರ ಹತ್ತಿರವೂ ಅದೇ ಆ್ಯಪ್ ಚಾಲೂ ಇದ್ದರೆ. ಸಂತೆಯಲ್ಲಿ, ಜಾತ್ರೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಇದು ನಡೆಯುತ್ತೆ. ಮನೆಯಿಂದ ಮನೆಗೆ ಅರ್ಧ ಮೈಲಿ, ನಡುವೆ ತೋಟ, ಹಳ್ಳ ಇರುವ ನಮ್ಮ ಹಳ್ಳಿಗಳಲ್ಲಿ ಇಷ್ಟರಿಂದ ಆಗೋದಿಲ್ಲ. ಸುರಕ್ಷತೆಯ ಪರೀಕ್ಷೆ ಆಗಿಲ್ಲ ಎಂದು ಅದನ್ನು ಮಾಡಿದವರೇ ಶುರುವಿನಲ್ಲಿ ಹೇಳಿದ್ದರು. ಹಾಗಾಗಿ ಬ್ಯಾಂಕ್ ವಿವರ, ಪಾಸ್‌ವರ್ಡ್ ಇದರಲ್ಲಿ ಬೇಡ.

ಇದಕ್ಕಿಂತ ಹಳೆಯದು, ಹೆಚ್ಚು ಗಟ್ಟಿಯಾಗಿ ಕಟ್ಟಿದ್ದು ಬ್ರಯರ್. ಪೂರ್ತಿ ಓಪನ್ ಸೋರ್ಸ್, ಫೋನುಗಳಲ್ಲಿ ಆಂಡ್ರಾಯ್ಡ್‌ಗೆ ಮಾತ್ರ. ಇಬ್ಬರೂ ಎದುರು ಬದುರು ನಿಂತು ಒಬ್ಬರ ಕ್ಯೂಆರ್ ಕೋಡ್ ಇನ್ನೊಬ್ಬರು ಸ್ಕ್ಯಾನ್ ಮಾಡಿ ಪರಿಚಯ ಮಾಡಿಕೊಳ್ಳಬಹುದು, ಆದ್ದರಿಂದ ಬೇರೆಯವರ ಹೆಸರಿನಲ್ಲಿ ನುಸುಳುವುದು ಕಷ್ಟ. ಆದರೆ ಒಂದು ಮಾತು: 2023ರ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರ ಜಮ್ಮು-ಕಾಶ್ಮೀರದ ಉಗ್ರರು ಬಳಸುತ್ತಿದ್ದಾರೆ ಎಂಬ ಕಾರಣ ಕೊಟ್ಟು ಹದಿನಾಲ್ಕು ಮೆಸೇಜ್ ಆ್ಯಪ್‌ಗಳನ್ನು ಐಟಿ ಕಾಯ್ದೆಯ 69ಎ ಕಲಮಿನಡಿ ತಡೆಹಿಡಿಯಿತು. ಆ ಪಟ್ಟಿಯಲ್ಲಿ ಬ್ರಯರ್ ಕೂಡ ಇದೆ, ಎಲಿಮೆಂಟ್ ಕೂಡ ಇದೆ. ಇದನ್ನು ಪ್ರಶ್ನಿಸಿ ಕೇರಳ ಹೈಕೋರ್ಟಿಗೆ ಮುಕ್ತ ತಂತ್ರಾಂಶದವರು ಹೋದರು. ಪ್ರವಾಹದಲ್ಲಿ ಸಹಾಯಕ್ಕೆ ಬರುವ ಸಾಧನವನ್ನೇ ಮುಚ್ಚಿದ್ದು ಸರಿಯೇ ಎಂಬುದು ನ್ಯಾಯವಾದ ಪ್ರಶ್ನೆಯೇ. ಆದರೂ ಆದೇಶ ಆದೇಶವೇ. ಯಾರೋ ಎಪಿಕೆ ಕಳಿಸಿದರು ಅಂತ ಇನ್‌ಸ್ಟಾಲ್ ಮಾಡಿಕೊಳ್ಳಬೇಡಿ.

ಬಸ್ಸಿನಲ್ಲಿ ಬಂದ ಇಮೇಲ್: ದೊಡ್ಡಬಳ್ಳಾಪುರದ ಕಥೆ

ನಮ್ಮ ಕಡೆ ಹಳೇ ಪದ್ಧತಿ ಒಂದಿದೆ. ಸಾಗರದಿಂದ ಔಷಧಿಯೋ ಪಂಪಿನ ಪಾರ್ಟೋ ಬೇಕಾದರೆ ಅಂಗಡಿಯವರು ಪೊಟ್ಟಣ ಕಟ್ಟಿ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಾರೆ, ಇಲ್ಲಿ ನಾವು ರಸ್ತೆಗೆ ಬಂದು ಇಳಿಸಿಕೊಳ್ಳುತ್ತೇವೆ. ಮೆಸೇಜನ್ನೂ ಹೀಗೇ ಬಸ್ಸಿಗೆ ಹತ್ತಿಸಬಹುದು ಎಂಬುದನ್ನು ಕರ್ನಾಟಕದಲ್ಲೇ ಮಾಡಿ ತೋರಿಸಿದ್ದಾರೆ.

ಇಪ್ಪತ್ತು ವರ್ಷದ ಹಿಂದೆ, ಪಹಣಿಯನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆಯ ಹೊಸತು. ತಾಲ್ಲೂಕು ಕಚೇರಿಯಲ್ಲಿ ದಾಖಲೆ ಇದೆ, ಹಳ್ಳಿಗೆ ಲೈನ್ ಇಲ್ಲ. ಅಮೆರಿಕದ ಎಂಐಟಿಯ ಸಂಶೋಧಕರು ಡಾಕ್‌ನೆಟ್ ಅಂತ ಹೆಸರಿಟ್ಟು ದೊಡ್ಡಬಳ್ಳಾಪುರದ ಒಂದು ಸರ್ಕಾರಿ ಬಸ್ಸಿಗೆ ವೈಫೈ ಪೆಟ್ಟಿಗೆ ಕೂರಿಸಿದರು. ಬಸ್ಸು ಹಳ್ಳಿಯ ಕೇಂದ್ರದ ಹತ್ತಿರ ಬಂದ ಕೂಡಲೇ ಅಲ್ಲಿನ ಅರ್ಜಿಗಳು ಬಸ್ಸಿಗೆ ಹತ್ತುತ್ತಿದ್ದವು, ತಾಲ್ಲೂಕು ಕೇಂದ್ರಕ್ಕೆ ಬಂದಾಗ ಇಳಿಯುತ್ತಿದ್ದವು. ಉತ್ತರ ಮುಂದಿನ ಟ್ರಿಪ್ಪಿಗೆ. ಅವರು 2004ರಲ್ಲಿ ಬರೆದ ಲೆಕ್ಕದ ಪ್ರಕಾರ ಬಸ್ಸು ಮತ್ತು ಕೇಂದ್ರದ ಭೇಟಿ ಸರಾಸರಿ ಎರಡೂವರೆ ನಿಮಿಷ, ಅಷ್ಟರಲ್ಲೇ ಸುಮಾರು 20 ಎಂಬಿ ದಾಟುತ್ತಿತ್ತು. ಬರೀ ಅಕ್ಷರದ ಮೆಸೇಜಾದರೆ 20 ಎಂಬಿ ಅಂದ್ರೆ ಒಂದು ಹೋಬಳಿಯ ಒಂದು ದಿನದ ಸುದ್ದಿಗೆ ಬೇಕಾದಷ್ಟು.

ನನ್ನ ಪ್ರಕಾರ ನಮ್ಮ ಮೂರು ತಾಲ್ಲೂಕಿಗೆ ಹೊಂದುವುದು ಈ ದಾರಿ. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಆದಮೇಲೆ ಹಿನ್ನೀರಿನ ಆಚೆ ಕಡೆಗೂ ಗಾಡಿ ನಿಲ್ಲದೆ ಓಡುತ್ತಿದೆ. ಹಾಲಿನ ಗಾಡಿ, ಶಾಲಾ ಬಸ್ಸು, ಪೋಸ್ಟ್‌ಮ್ಯಾನ್ ಬೈಕು ಎಲ್ಲವೂ ದಿನಾ ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ಹೋಗುತ್ತವೆ. ಆ ಗಾಡಿಯಲ್ಲಿ ಒಂದು ಹಳೇ ಫೋನ್, ಹಳ್ಳಿಯ ಅಂಗಡಿಯಲ್ಲಿ ಇನ್ವರ್ಟರಿಗೆ ಸಿಕ್ಕಿಸಿದ ಇನ್ನೊಂದು ಹಳೇ ಫೋನ್, ಎರಡಕ್ಕೂ ಮೆಸೇಜ್ ಹಿಡಿದಿಟ್ಟು ದಾಟಿಸುವ ಒಂದು ಸಣ್ಣ ತಂತ್ರಾಂಶ. ಅಂಗಡಿ ಮುಂದೆ ಹಾದುಹೋದವರ ಮೆಸೇಜ್ ತಾನಾಗಿ ಇಳಿಯುತ್ತೆ. ತಡವಾಗುತ್ತೆ, ನಿಜ. ಎರಡು ದಿನ ಸುದ್ದಿಯೇ ಇಲ್ಲದಿರುವುದಕ್ಕಿಂತ ನಾಲ್ಕು ಗಂಟೆ ತಡ ಆದರೂ ಅಡ್ಡಿಯಿಲ್ಲ.

ಲೋರಾ: ದೂರ ಹೋಗುತ್ತೆ, ಕಡಿಮೆ ಹೊರುತ್ತೆ

ದೂರಕ್ಕೆ ಇನ್ನೊಂದು ಉಪಾಯ ಲೋರಾ ರೇಡಿಯೋ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಬೋರ್ಡು, ಒಂದು ಆಂಟೆನಾ, ಒಂದು ಬ್ಯಾಟರಿ. ಇದು ಬ್ಲೂಟೂತ್ ಮೂಲಕ ನಿಮ್ಮ ಫೋನಿಗೆ ಜೋಡಿಯಾಗುತ್ತೆ. ಮೆಶ್‌ಟಾಸ್ಟಿಕ್ ಎಂಬ ಓಪನ್ ಸೋರ್ಸ್ ತಂತ್ರಾಂಶ ಹಾಕಿದರೆ ಬೋರ್ಡುಗಳು ಒಂದರಿಂದ ಒಂದಕ್ಕೆ ಮೆಸೇಜ್ ದಾಟಿಸುತ್ತವೆ. ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯನ್ನು ಕಡಿಮೆ ಶಕ್ತಿಯ ಸಾಧನಗಳಿಗೆ ಪರವಾನಗಿಯಿಂದ ಬಿಟ್ಟಿದ್ದಾರೆ. ಆ್ಯಪಿನಲ್ಲಿ ಪ್ರದೇಶ ಭಾರತ ಎಂದೇ ಆರಿಸಬೇಕು. ಯುರೋಪ್, ಅಮೆರಿಕದ ಸೆಟ್ಟಿಂಗ್ ಹಾಕಿಕೊಂಡರೆ ಬೇರೆಯವರ ಪಟ್ಟಿಯಲ್ಲಿ ಕೂಗಿದಂತೆ, ಅದು ತಪ್ಪು. ಸ್ಯಾಟಲೈಟ್ ಫೋನ್ ಸುದ್ದಿಗಂತೂ ಅನುಮತಿ ಇಲ್ಲದೆ ಹೋಗಲೇಬೇಡಿ, ಕೇಸಾಗುತ್ತೆ.

ಗುಡ್ಡದ ನೆತ್ತಿಯಿಂದ ಗುಡ್ಡದ ನೆತ್ತಿಗೆ ಕಣ್ಣಿಗೆ ಕಾಣುವಂತಿದ್ದರೆ ಲೋರಾ ಹತ್ತಾರು ಕಿಲೋಮೀಟರ್ ಹೋಗುತ್ತೆ. ಕಾಡಿನ ಒಳಗೆ, ಒದ್ದೆ ಎಲೆಗಳ ನಡುವೆ ಒಂದೆರಡು ಕಿಲೋಮೀಟರಿಗೇ ಸೋಲಬಹುದು. ಯೂಟ್ಯೂಬಿನಲ್ಲಿ ತೋರಿಸುವ ಸೋಲಾರ್ ಬಾಕ್ಸ್ ನಂಬಿ ಗುಡ್ಡದ ಮೇಲೆ ಕಟ್ಟಿಬಂದರೆ ಜುಲೈನಲ್ಲಿ ವಾರಗಟ್ಟಲೆ ಬಿಸಿಲೇ ಇರೋದಿಲ್ಲ. ನಮಗೆ ಬೇಕಾಗುವುದೂ ಜುಲೈನಲ್ಲೇ. ಆದ್ದರಿಂದ ಕಡಿಮೆ ಕರೆಂಟ್ ಕುಡಿಯುವ ಬೋರ್ಡು, ದೊಡ್ಡ ಬ್ಯಾಟರಿ, ಹೋಗಿ ಬದಲಾಯಿಸಿ ಬರುವ ಒಬ್ಬ ಹುಡುಗ, ಈ ಮೂರನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಕನ್ನಡಕ್ಕೆ ಇಲ್ಲಿ ಒಂದು ತೊಡಕಿದೆ. ಲೋರಾದಲ್ಲಿ ಒಂದು ಮೆಸೇಜಿಗೆ ಸುಮಾರು 200 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್. ಕನ್ನಡದಲ್ಲಿ ಮೂಲಾಕ್ಷರಕ್ಕೆ ಮೂರು, ಗುಣಿತದ ಗುರುತಿಗೆ ಮತ್ತೆ ಮೂರು, ಒತ್ತಕ್ಷರಕ್ಕೆ ಇನ್ನೂ ಆರು. 'ತಾಳಗುಪ್ಪ' ಎಂದು ಇಂಗ್ಲಿಷಿನಲ್ಲಿ ಬರೆದರೆ 9 ಬೈಟ್, ಕನ್ನಡದಲ್ಲಿ 24. ಎಸ್‌ಎಂಎಸ್‌ನಲ್ಲೂ ಹೀಗೇ, ಇಂಗ್ಲಿಷಿಗೆ 160 ಅಕ್ಷರ, ಕನ್ನಡಕ್ಕೆ 70. ಹಾಗಂತ ಕಂಗ್ಲಿಷಿಗೆ ಇಳಿಯಬೇಕಾಗಿಲ್ಲ. ಎಲ್ಲರ ಫೋನಿನಲ್ಲೂ ಒಂದು ಪಟ್ಟಿ ಇಟ್ಟುಕೊಂಡರೆ ಆಯಿತು: 1 ಅಂದ್ರೆ 'ಕರೆಂಟ್ ಇಲ್ಲ', 2 'ರಸ್ತೆಗೆ ಮರ ಬಿದ್ದಿದೆ', 3 'ಸಂಕ ಮುಳುಗಿದೆ', 4 'ಜ್ವರ, ಗಾಡಿ ಬೇಕು', 5 'ಬಾಣಂತಿ, ತುರ್ತು'. 'ಕರೆಂಟ್ ಇಲ್ಲ' ಅಂತ ಬರೆದರೆ 31 ಬೈಟ್, ಅಂಕಿ ಕಳಿಸಿದರೆ ಒಂದೇ. ಬಂದ ಕಡೆ ಫೋನ್ ಅದನ್ನು ಪೂರ್ತಿ ಕನ್ನಡದಲ್ಲಿ ತೋರಿಸಬೇಕು, ಓದಲು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಕಾಲೇಜು ಹುಡುಗರು ಪ್ರಾಜೆಕ್ಟಿಗೆ ಏನು ಮಾಡೋದು ಅಂತ ಕೇಳ್ತಾರಲ್ಲ, ಇದನ್ನು ಮಾಡಲಿ.

ಓಪನ್ ಸೋರ್ಸ್ ಫೋನ್ ಅಂದ್ರೆ?

ಒಳಗಿನ ತಂತ್ರಾಂಶ ಎಲ್ಲರಿಗೂ ತೆರೆದಿರುವ, ಬೇಕಾದಂತೆ ತಿದ್ದಬಹುದಾದ ಫೋನ್. 2007ರಲ್ಲಿ ಬಂದ ಓಪನ್‌ಮೋಕೋದಿಂದ ಇತ್ತೀಚಿನ ಪೈನ್‌ಫೋನ್, ಲಿಬ್ರೆಮ್ 5ರವರೆಗೆ ಕೆಲವು ಬಂದಿವೆ. ಪೈನ್‌ಫೋನಿನ ಹಿಂದಿನ ಮುಚ್ಚಳ ತೆಗೆದರೆ ಮೈಕು, ಕ್ಯಾಮೆರಾ, ಮೋಡೆಮ್ ಆರಿಸುವ ಸಣ್ಣ ಸ್ವಿಚ್ಚುಗಳೇ ಇವೆ. ಆದರೆ ದಿನದ ಬಳಕೆಗೆ ಇದನ್ನು ಕೊಳ್ಳಿ ಎಂದು ಹೇಳಲಾರೆ. ಜಿಯೋದಲ್ಲಿ 2ಜಿ, 3ಜಿ ಇಲ್ಲ, ವೋಲ್ಟಿ ಸರಿಯಾಗಿ ನಡೆಯದ ಫೋನಿನಲ್ಲಿ ಕಾಲ್ ಹೋಗೋದಿಲ್ಲ. ಮನೆಯಲ್ಲಿ ಮೂಲೆಗೆ ಬಿದ್ದ ಹಳೇ ಆಂಡ್ರಾಯ್ಡ್ ಫೋನಿಗೆ ಲಿನೇಜ್‌ಓಎಸ್ ಹಾಕಿ ಬಳಸುವುದು ಜಾಣತನ. ಅದು ಅಂಗಡಿಯ ಮೆಸೇಜ್ ಪೆಟ್ಟಿಗೆಯಾಗಿ ಚೆನ್ನಾಗಿ ಕೆಲಸ ಮಾಡುತ್ತೆ. ಬ್ಯಾಂಕ್ ಆ್ಯಪ್‌ಗಳು ಇಂಥ ಫೋನಿನಲ್ಲಿ ಮುನಿಸಿಕೊಳ್ಳುವುದು ಸಾಮಾನ್ಯ, ಆದ್ದರಿಂದ ಗೂಗಲ್ ಪೇ ಇರುವ ಫೋನನ್ನು ಮುಟ್ಟಬೇಡಿ.

ಇಂಥದ್ದೊಂದು ಕನಸು ಬೆಂಗಳೂರಿನಲ್ಲೇ ಹುಟ್ಟಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಪ್ರಾಧ್ಯಾಪಕರು, ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಸೇರಿ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ರೂಪಿಸಿದರು. ಒಳಗೆ ಲಿನಕ್ಸ್, ವಿನ್ಯಾಸವೂ ತೆರೆದದ್ದು, ಕನ್ನಡ ಪಠ್ಯವನ್ನು ಓದಿ ಹೇಳುವ ವ್ಯವಸ್ಥೆಯೂ ಇತ್ತು. 2004ರಲ್ಲಿ ಬಿಇಎಲ್ ತಯಾರಿಸಿ ಅಮಿಡಾ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಹತ್ತಾರು ಸಾವಿರ ಹೋಗುತ್ತೆ ಅಂದುಕೊಂಡದ್ದು ಕೆಲವೇ ಸಾವಿರಕ್ಕೆ ನಿಂತಿತು. ಅದರ ಬೆಲೆ ಇಳಿಯುವ ಮೊದಲೇ ಮೊಬೈಲ್ ಫೋನಿನ ಬೆಲೆ ಇಳಿದುಬಿಟ್ಟಿತ್ತು. ತುಮಕೂರಿನ ದೇವರಾಯನದುರ್ಗದ ಆಸುಪಾಸು ಜನಸ್ತು ಎಂಬ ಸಂಸ್ಥೆಯವರು ಹಳ್ಳಿಯವರದೇ ವೈಫೈ ಜಾಲ ಕಟ್ಟುವ ಕೆಲಸ ಮಾಡಿದ್ದಾರೆ. ಆಸಕ್ತಿ ಇರುವವರು ಅದನ್ನು ನೋಡಿಬರಬಹುದು.

ಅಂಗಡಿಯವರು ಮರೆಯಬಾರದ್ದು

ಈ ಯಾವ ಆ್ಯಪಿನಲ್ಲೂ ದುಡ್ಡು ಬರೋದಿಲ್ಲ. 'ಹಣ ಹಾಕಿದ್ದೇನೆ, ನೆಟ್‌ವರ್ಕ್ ಬಂದ ಮೇಲೆ ಕಾಣುತ್ತೆ' ಎಂದು ಬಂದ ಮೆಸೇಜು ಬರೀ ಮೆಸೇಜು. ಪರಿಚಯದವರಾದರೆ ಪುಸ್ತಕದಲ್ಲಿ ಸಾಲ ಬರೆದುಕೊಳ್ಳಿ, ಜಮಾ ಬರೆಯಬೇಡಿ. ಡೇಟಾ ಇಲ್ಲದೆ ಹಣ ಕಳಿಸಲು 2022ರ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕ್ ಶುರುಮಾಡಿದ ಯುಪಿಐ 123ಪೇ ಇದೆ, ಕೀಪ್ಯಾಡ್ ಫೋನಿನಲ್ಲೂ ನಡೆಯುತ್ತೆ. ಆದರೆ ಕಾಲ್ ಹೋಗುವಷ್ಟು ಸಿಗ್ನಲ್ ಬೇಕೇ ಬೇಕು.

ನಿಮ್ಮ ಕಂಪನಿಯ ಸಿಗ್ನಲ್ ಹೋಗಿದ್ದರೂ ಬೇರೆ ಕಂಪನಿಯ ಟವರ್ ಜೀವಂತ ಇದ್ದರೆ 112ಕ್ಕೆ ಕಾಲ್ ಹೋಗುತ್ತೆ, ಪ್ರಯತ್ನಿಸದೆ ಬಿಡಬೇಡಿ. ಸರ್ಕಾರದ ದುಡ್ಡಿನಲ್ಲಿ ಹಾಕಿದ 4ಜಿ ಟವರುಗಳನ್ನು ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೋ ಗ್ರಾಹಕರು ಹಂಚಿಕೊಂಡು ಬಳಸುವ ವ್ಯವಸ್ಥೆಗೆ 2025ರ ಜನವರಿಯಲ್ಲಿ ಚಾಲನೆ ಕೊಟ್ಟಿದ್ದಾರೆ. ಹತ್ತಿರದಲ್ಲಿ ಅಂಥ ಟವರ್ ಇದ್ದರೆ ಸೆಟ್ಟಿಂಗಿನಲ್ಲಿ ನೆಟ್‌ವರ್ಕನ್ನು ಕೈಯಿಂದ ಆರಿಸಿ ನೋಡಬಹುದು.

ಬ್ಲೂಟೂತ್ ಆ್ಯಪ್ ಹಾಕಿಕೊಳ್ಳುವವರು ಮಳೆ ಬರುವ ಮೊದಲೇ ಒಂದು ಪರೀಕ್ಷೆ ಮಾಡಿ. ಒಬ್ಬರು ರೈಲ್ವೆ ಸ್ಟೇಷನ್ ಗೇಟಿನಲ್ಲಿ ನಿಲ್ಲಿ, ಇನ್ನೊಬ್ಬರು ಪೇಟೆ ಕಡೆ ನಡೆಯುತ್ತಾ ಹೋಗಿ, ಇಬ್ಬರೂ ಏರೋಪ್ಲೇನ್ ಮೋಡ್ ಹಾಕಿ ಬ್ಲೂಟೂತ್ ಮಾತ್ರ ಆನ್ ಮಾಡಿಕೊಳ್ಳಿ. ಮೆಸೇಜ್ ಯಾವ ಅಂಗಡಿ ಹತ್ತಿರ ನಿಲ್ಲುತ್ತೋ ಗುರುತು ಹಾಕಿಕೊಳ್ಳಿ. ಮೂರನೆಯ ಫೋನ್ ಇಡಬೇಕಾದ ಜಾಗ ಅದೇ.