ಬೆಂಕಿ ಆರಿದ ಮೇಲೆ ಬೇಲಿ ಕಟ್ಟಿದವರು

ಕಾಡ್ಗಿಚ್ಚಿನ ಬಗ್ಗೆ ಸಿಗೋ ಬರಹ ಎಲ್ಲ ಬೆಂಕಿ ಆರಿಸಿದ ಕತೆ. ಎಷ್ಟು ಎಕರೆ ಸುಟ್ಟಿತು, ಎಷ್ಟು ಜನ ಹೋದರು, ಹೆಲಿಕಾಪ್ಟರ್ ಬಂತೋ ಇಲ್ಲವೋ. ಬೆಂಕಿ ಆರಿದ ಮಾರನೇ ದಿನ ಬೆಳಿಗ್ಗೆ ರೈತ ಎದ್ದು ಏನು ಮಾಡಿದ, ಅವನ ಮನೆ ಬಾಗಿಲಿಗೆ ಯಾರು ಬಂದರು ಅಂತ ಬರೆದವರು ಕಡಿಮೆ. ಈ ಸಲ ಮಳೆಗಾಲದ ಸಂಜೆಗಳಲ್ಲಿ ಅದನ್ನೇ ಹುಡುಕಿ ಓದಿದೆ. ಕೊನೆಗೆ ಹಿಡಿದು ಕೂರಿಸಿದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಕತೆ. ಅಷ್ಟು ದೂರದ್ದು ನಮಗ್ಯಾಕೆ ಅನ್ನಬೇಡಿ. ನಮ್ಮ ಗುಡ್ಡದ ಮೇಲಿರೋ ನೀಲಗಿರಿ, ಅಕೇಶಿಯ ಎರಡೂ ಆ ದೇಶದಿಂದಲೇ ಬಂದಿದ್ದು. ಮರ ತಂದರು, ಅದು ಹೇಗೆ ಉರಿಯುತ್ತೆ ಅನ್ನೋದನ್ನ ಯಾರೂ ಕೇಳಿಕೊಂಡು ಬರಲಿಲ್ಲ.

ನೀಲಗಿರಿ ಎಲೇಲಿ ಎಣ್ಣೆ ಇದೆ, ಅದು ನಮಗೆಲ್ಲ ಗೊತ್ತು. ತೊಗಟೆ ವಿಷಯ ಅಷ್ಟು ಗೊತ್ತಿಲ್ಲ. ಕೆಲವು ಜಾತಿಯ ನೀಲಗಿರಿಗೆ ತೊಗಟೆ ಉದ್ದುದ್ದ ಪಟ್ಟಿಯಾಗಿ ಸುಲಿದು ಜೋತು ಬೀಳುತ್ತೆ. ಬೆಂಕಿ ಹತ್ತಿದಾಗ ಆ ಪಟ್ಟಿಗಳು ಉರೀತಾ ಗಾಳಿಗೆ ಏಳುತ್ತವೆ, ಕಿಲೋಮೀಟರುಗಟ್ಟಲೆ ಮುಂದೆ ಹೋಗಿ ಬಿದ್ದು ಅಲ್ಲಿ ಹೊಸ ಬೆಂಕಿ ಹಚ್ಚುತ್ತವೆ. ನಾವು ಸವರೋ ನಾಲ್ಕು ಮಾರು ಅಗಲದ ಬೆಂಕಿ ರೇಖೆ ಅದಕ್ಕೆ ಲೆಕ್ಕಕ್ಕೇ ಇಲ್ಲ.

ವಿಕ್ಟೋರಿಯಾದವರು ಇದನ್ನ ಹೊಡೆತ ತಿಂದೇ ಕಲಿತರು. 1939ರ ಜನವರಿ 13, ಶುಕ್ರವಾರ. ಅಲ್ಲಿ ಜನವರಿ ಅಂದ್ರೆ ಕಡುಬೇಸಗೆ. ಆ ಬೇಸಗೆಯ ಬೆಂಕಿಗೆ 71 ಜನ ಸತ್ತರು, ಸುಮಾರು 20 ಲಕ್ಷ ಹೆಕ್ಟೇರ್ ಸುಟ್ಟಿತು. ಕಾಡಿನ ಒಳಗೇ ಮರ ಕೊಯ್ಯೋ ಮಿಲ್ಲುಗಳಿದ್ದವು, ಅಲ್ಲಿನ ಕೆಲಸಗಾರರಿಗೆ ಓಡಿಹೋಗೋಕೆ ದಾರಿಯಿರಲಿಲ್ಲ. ಲೆನಾರ್ಡ್ ಸ್ಟ್ರೆಟನ್ ಅನ್ನೋ ನ್ಯಾಯಾಧೀಶರು ವಿಚಾರಣೆ ಮಾಡಿ, ಈ ಬೆಂಕಿ ಬಹುಪಾಲು ಮನುಷ್ಯರೇ ಹಚ್ಚಿದ್ದು ಅಂತ ಮುಲಾಜಿಲ್ಲದೆ ಬರೆದರು. ವರದಿ ಬಂತು, ಕೆಲಸ ಆಗಲಿಲ್ಲ. 1943–44ರ ಬೇಸಗೇಲಿ ಮತ್ತೆ ಊರುಗಳು ಸುಟ್ಟವು, ಮತ್ತೆ ಅದೇ ಸ್ಟ್ರೆಟನ್ ವಿಚಾರಣೆಗೆ ಕೂತರು. ಆಗ ಸರ್ಕಾರ ಎಚ್ಚೆತ್ತುಕೊಂಡಿತು. 1945ರ ಏಪ್ರಿಲ್‌ನಲ್ಲಿ ಹಳ್ಳಿಗಾಡಿನ ಬೆಂಕಿಗೆಂದೇ ಒಂದು ಪ್ರಾಧಿಕಾರ ಶುರುವಾಯಿತು, ಹೆಸರು ಕಂಟ್ರಿ ಫೈರ್ ಅಥಾರಿಟಿ. ಅದರ ಬಲ ಅಂದ್ರೆ ಊರೂರಿನ ಸ್ವಯಂಸೇವಕ ದಳಗಳು. ಹಾಲು ಕರೆಯೋನು, ಅಂಗಡಿಯವನು, ಶಾಲೆ ಮೇಷ್ಟ್ರು, ಯಾರು ಬೇಕಾದರೂ ಸೇರಬಹುದು. ಸಂಬಳ ಇಲ್ಲ. ಆದರೆ ತರಬೇತಿ ಇದೆ, ಲಾರಿ ಇದೆ, ಬೆಂಕಿ ಆರಿಸುವಾಗ ಪೆಟ್ಟು ಬಿದ್ದರೆ ಪರಿಹಾರ ಕೊಡೋ ಕಾನೂನಿದೆ.

ಇದೇ ಹೊತ್ತಿಗೆ ನಮ್ಮಲ್ಲಿ ಏನಿತ್ತು? ಬ್ರಿಟಿಷರು 1927ರಲ್ಲಿ ಮಾಡಿದ ಭಾರತೀಯ ಅರಣ್ಯ ಕಾಯ್ದೆಯ 79ನೇ ಕಲಂ ತೆಗೆದು ನೋಡಿ. ಕಾಡಿನಲ್ಲಿ ದನ ಮೇಯಿಸೋ, ಸೌದೆ ಸೊಪ್ಪು ತರೋ ಹಕ್ಕಿರೋ ಪ್ರತಿಯೊಬ್ಬನೂ ಬೆಂಕಿ ಬಿದ್ದದ್ದು ಗೊತ್ತಾದ ತಕ್ಷಣ, ಅಧಿಕಾರಿ ಕರೆಯಲಿ ಬಿಡಲಿ, ಹೋಗಿ ಆರಿಸಲೇಬೇಕು. ಹೋಗದಿದ್ದರೆ ಶಿಕ್ಷೆ. 26ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ: ರಿಸರ್ವ್ ಕಾಡಿಗೆ ಯಾರಾದರೂ ಬೇಕೆಂದೇ ಅಥವಾ ತೀರಾ ನಿರ್ಲಕ್ಷ್ಯದಿಂದ ಬೆಂಕಿ ಹಾಕಿದರೆ, ಆ ಭಾಗದಲ್ಲಿ ಮೇವಿನ ಹಕ್ಕು, ಕಾಡುತ್ಪತ್ತಿ ಹಕ್ಕು ಎಲ್ಲವನ್ನೂ ಸರ್ಕಾರ ತನಗೆ ಬೇಕಾದಷ್ಟು ಕಾಲ ನಿಲ್ಲಿಸಬಹುದು. ಒಬ್ಬ ಹಚ್ಚಿದ್ದಕ್ಕೆ ಊರಿಗೆಲ್ಲ ದಂಡ. ಎರಡೂ ಕಡೆ ಬೆಂಕಿ ಆರಿಸೋ ಕೈ ಹಳ್ಳಿಯವರದ್ದೇ. ಅಲ್ಲಿ ಆ ಕೈಗೆ ನೀರಿನ ಪೈಪು ಕೊಟ್ಟರು, ಇಲ್ಲಿ ಹಸಿ ಸೊಪ್ಪಿನ ಗೆಲ್ಲು ಹಿಡಿದ ಕೈಯನ್ನ ಕಲಂ ಹಾಕಿ ಕಟ್ಟಿದರು.

ಸರಿ, ಆರಿಸೋ ವ್ಯವಸ್ಥೆ ಅಲ್ಲಿ ಆಯಿತು. ಸುಟ್ಟುಕೊಂಡವನ ವ್ಯವಸ್ಥೆ? ಅದು ಅಲ್ಲೂ ಬಹಳ ಕಾಲ ನೆರೆಹೊರೆಯವರ ತಲೆ ಮೇಲೇ ಇತ್ತು.

2009ರ ಫೆಬ್ರವರಿ 7, ಶನಿವಾರ. ಮೆಲ್ಬರ್ನ್ ಪೇಟೇಲೇ 46.4 ಡಿಗ್ರಿ ಬಿಸಿಲು, ಮೇಲಿಂದ ಬಿರುಗಾಳಿ. ಮಧ್ಯಾಹ್ನ ಹನ್ನೆರಡಕ್ಕೆ ಸ್ವಲ್ಪ ಮುಂಚೆ ಕಿಲ್ಮೋರ್ ಈಸ್ಟ್ ಅನ್ನೋ ಹಳ್ಳಿ ಕಡೆ ಹಳೇ ಕರೆಂಟ್ ತಂತಿಯೊಂದು ತುಂಡಾಗಿ ಕಿಡಿ ಹಾರಿತು. ಆ ಒಂದು ಬೆಂಕಿಗೇ 119 ಜನ ಸತ್ತರು. ಆ ದಿನದ ಎಲ್ಲಾ ಬೆಂಕಿ ಸೇರಿ 173 ಜನ. ಎರಡು ಸಾವಿರಕ್ಕೂ ಹೆಚ್ಚು ಮನೆ ಹೋದವು. ಸಂಜೆ ಗಾಳಿ ದಿಕ್ಕು ಬದಲಾದಾಗ ಬೆಂಕಿಯ ಉದ್ದನೆಯ ಪಕ್ಕೆಯೇ ಅದರ ಮುಖವಾಗಿ ತಿರುಗಿತು. ‘ಇನ್ನು ನಮ್ಮ ಕಡೆ ಬರೋಲ್ಲ’ ಅಂತ ಇದ್ದ ಊರುಗಳ ಮೇಲೇ ಬಂತು. ಬೆಂಕಿ ಆರಿಸೋಕೆ ಹೋದವರಿಗೆ ಈ ಮಾತು ಅರ್ಥ ಆಗುತ್ತೆ. ಪಕ್ಕೆಯಲ್ಲಿ ನಿಂತವನು ತಾನು ಸುರಕ್ಷಿತ ಅಂದುಕೊಂಡಿರ್ತಾನೆ. (ತಂತಿ ಪ್ರಕರಣ ಕೋರ್ಟಿಗೆ ಹೋಗಿ, 2014ರಲ್ಲಿ ಸುಮಾರು 49 ಕೋಟಿ ಆಸ್ಟ್ರೇಲಿಯನ್ ಡಾಲರಿಗೆ ರಾಜಿಯಾಯಿತು. ಐದು ವರ್ಷ ಬೇಕಾಯಿತು.)

ಆ ಕಿಲ್ಮೋರ್ ಈಸ್ಟ್‌ನಲ್ಲಿ ಕೆವಿನ್ ಬಟ್ಲರ್, ರೋಂಡಾ ಬಟ್ಲರ್ ಅಂತ ಕುರಿ ಸಾಕೋ ಗಂಡ ಹೆಂಡತಿ ಇದ್ದರು. ಅವರ ಜಮೀನಿನ ಬೇಲಿ ಸುಟ್ಟುಹೋಯಿತು, 1,500ರಷ್ಟು ಕುರಿಗಳಿಗೆ ತಡೆಯೇ ಇಲ್ಲದಂತಾಯಿತು. ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ನಮ್ಮಲ್ಲಿ ಬೇಲಿ ಸುಟ್ಟರೆ ದನ ಕೊಟ್ಟಿಗೇಲಿ ಕಟ್ಟಿಕೊಂಡು ನಾಲ್ಕು ದಿನ ತಳ್ಳಬಹುದು. ಅಲ್ಲಿ ಕುರಿ ದನ ವರ್ಷಪೂರ್ತಿ ಬಯಲಲ್ಲೇ. ಬೇಲಿಯೇ ಅವರ ಕೊಟ್ಟಿಗೆ. ಬೇಲಿ ಇಲ್ಲ ಅಂದ್ರೆ ಸುಟ್ಟ ಕಾಲಿನ ಕುರಿ ಹೆದ್ದಾರೀಲಿ ನಿಂತಿರುತ್ತೆ, ಹೋರಿ ಪಕ್ಕದವನ ಮಂದೇಲಿ ಇರುತ್ತೆ, ಉಳಿದ ಒಂದು ತುಂಡು ಹುಲ್ಲುಗಾವಲನ್ನ ಕಾಯೋಕೂ ಆಗೋಲ್ಲ.

ಹೊಸ ಬೇಲಿ ಹಾಕೋದಕ್ಕಿಂತ ಸುಟ್ಟ ಬೇಲಿ ಕೀಳೋದು ದೊಡ್ಡ ಕೆಲಸ. ಮರದ ಕಂಬ ಬುಡದಲ್ಲಿ ಬೂದಿಯಾಗಿರುತ್ತೆ. ತಂತಿ ನೋಡೋಕೆ ಚೆನ್ನಾಗೇ ಕಾಣುತ್ತೆ, ಆದರೆ ಬೆಂಕಿಗೆ ಅದರ ಹದ ಹೋಗಿರುತ್ತೆ, ಸತುವಿನ ಲೇಪ ಸುಟ್ಟಿರುತ್ತೆ. ಬಿಗಿ ಮಾಡೋಕೆ ಹೋದರೆ ಪಟ್ ಅಂತ ತುಂಡಾಗುತ್ತೆ. ಹಾಗಾಗಿ ಮೈಲಿಗಟ್ಟಲೆ ತಂತಿ ಬಿಚ್ಚಿ, ಸುತ್ತಿ, ಸಾಗಿಸಿ, ಆಮೇಲೆ ಕಬ್ಬಿಣದ ಗೂಟ ಹೊಡೆದು ಹೊಸ ತಂತಿ ಎಳೆಯಬೇಕು. ಒಬ್ಬ ರೈತ ಒಬ್ಬನೇ ಕೂತರೆ ತಿಂಗಳುಗಟ್ಟಲೆ ಕೆಲಸ. ಅದೂ ತನ್ನ ಕೈಯಿಂದಲೇ ಕುರಿಗಳನ್ನ ಗುಂಡು ಹೊಡೆದು ಹೂತ ವಾರದಲ್ಲಿ.

ಬಟ್ಲರ್ ಮನೆಗೆ ನೆಂಟರು, ಗೆಳೆಯರು, ಊರಿನವರು ಬಂದರು. ಒಂದು ವಾರದಲ್ಲಿ ಬೇಲಿ ನಿಂತಿತು. ತಮ್ಮದು ಮುಗೀತು ಅಂತ ಅವರು ಕೂರಲಿಲ್ಲ. ಬೇರೆಯವರ ಬೇಲಿ ಕಟ್ಟೋಕೆ ಹೊರಟರು, ಸಿಕ್ಕವರನ್ನೆಲ್ಲ ಸೇರಿಸಿಕೊಂಡರು. ಹೀಗೆ ‘ಬ್ಲೇಜ್‌ಏಡ್’ ಹುಟ್ಟಿತು. ಅದನ್ನ ಓದಿದಾಗ ನಾನು ಅಂದುಕೊಂಡಿದ್ದು, ಇದು ನಮ್ಮ ಮುಯ್ಯಾಳು ಅಲ್ವಾ ಅಂತ. ನಮ್ಮ ಅಜ್ಜಂದಿರ ಕಾಲದಲ್ಲಿ ನಾಟಿಗೆ, ಒಕ್ಕಲಿಗೆ, ಮನೆಗೆ ಹುಲ್ಲು ಹೊದಿಸೋಕೆ ಮುಯ್ಯಿಗೆ ಹೋಗ್ತಿದ್ದರು. ಇವತ್ತು ನನ್ನ ಮನೆಗೆ ನೀನು, ನಾಳೆ ನಿನ್ನ ಮನೆಗೆ ನಾನು. ಒಂದೇ ವ್ಯತ್ಯಾಸ, ಮುಯ್ಯೀಲಿ ಲೆಕ್ಕ ಇರ್ತಿತ್ತು, ಬಂದ ಆಳಿಗೆ ಆಳು ತಿರುಗಿಸಬೇಕಿತ್ತು. ಬಟ್ಲರ್ ದಂಪತಿ ಮುಯ್ಯಿ ತೀರಿಸಿದ್ದು ಬಂದವನಿಗೆ ಅಲ್ಲ, ಮುಂದಿನವನಿಗೆ.

ಅದರ ಪದ್ಧತಿ ಸರಳ. ಬೆಂಕಿ ಬಿದ್ದ ಊರಿನ ಆಟದ ಮೈದಾನದಲ್ಲೋ ಜಾತ್ರೆ ಬಯಲಿನಂಥ ಜಾಗದಲ್ಲೋ ಒಂದು ಶಿಬಿರ. ಅಲ್ಲೇ ತಿಂಡಿ. ಬೆಳಿಗ್ಗೆ ನಾಲ್ಕೈದು ಜನರ ಗುಂಪು ಒಬ್ಬೊಬ್ಬ ರೈತನ ಜಮೀನಿಗೆ. ಸಂಜೆ ವಾಪಸ್ ಬಂದು ಒಟ್ಟಿಗೆ ಊಟ. ಬರೋರಲ್ಲಿ ತುಂಬಾ ಜನ ನಿವೃತ್ತರು, ಮಲಗೋ ಗಾಡಿ ಎಳೆದುಕೊಂಡು ದೇಶ ಸುತ್ತೋರು. ಬೇಲಿ ಕಟ್ಟಿ ಗೊತ್ತಿರಬೇಕು ಅಂತಿಲ್ಲ, ಕಲಿಸ್ತಾರೆ. ಕೂಲಿ ಇಲ್ಲ. ನನಗೆ ಇದರಲ್ಲಿ ದೊಡ್ಡದು ಅನಿಸೋದು ಬೇಲಿಯಲ್ಲ, ಆ ನಾಲ್ಕು ಜನ ಜೊತೆಗಿರ್ತಾರಲ್ಲ, ಅದು. ಎಲ್ಲಾ ಕಳಕೊಂಡವನು ಕೌನ್ಸೆಲಿಂಗ್ ಕೊಠಡಿಗೆ ಹೋಗಿ ಕೂರೋದು ಕಷ್ಟ. ಪಕ್ಕದಲ್ಲಿ ಯಾರೋ ಗೂಟ ಹಿಡಿದುಕೊಂಡಿದ್ದರೆ, ಸುತ್ತಿಗೆ ಹೊಡೀತಾ ಹೊಡೀತಾ ಮಾತು ಹೊರಗೆ ಬರುತ್ತೆ.

ದುಡ್ಡಿನ ಕತೆ ಬೇರೆಯದೇ. 2009ರಲ್ಲಿ ಸರ್ಕಾರ ಮತ್ತು ರೆಡ್‌ಕ್ರಾಸ್ ಸೇರಿ ತೆರೆದ ನಿಧಿಗೆ 38 ಕೋಟಿ ಡಾಲರಿಗೂ ಮೇಲೆ ದೇಣಿಗೆ ಬಂತು. ಹಂಚಿಕೆ ಸಮಿತಿ ಅಧ್ಯಕ್ಷರು ಜಾನ್ ಲ್ಯಾಂಡಿ, ರಾಜ್ಯದ ಮಾಜಿ ಗವರ್ನರ್, ಕೃಷಿ ವಿಜ್ಞಾನ ಓದಿದವರು. ಹಳಬರಿಗೆ ಅವರು ಓಟಗಾರರಾಗಿ ಗೊತ್ತಿರಬಹುದು. 1956ರ ರಾಷ್ಟ್ರೀಯ ಓಟದಲ್ಲಿ ಎದುರು ಬಿದ್ದ ಹುಡುಗನ್ನ ನೋಡಿ, ತಿರುಗಿ ಬಂದು ವಿಚಾರಿಸಿ, ಆಮೇಲೆ ಓಡಿ ಗೆದ್ದ ಮನುಷ್ಯ. ಅಂಥವರನ್ನ ಆ ಕುರ್ಚೀಲಿ ಕೂರಿಸಿದ್ದು ನನಗೆ ಸರಿ ಕಂಡಿತು. ಸುಟ್ಟುಕೊಂಡ ಕುಟುಂಬಕ್ಕೆ ಒಬ್ಬ ಸಹಾಯಕರನ್ನೂ ಗೊತ್ತುಮಾಡಿದರು, ಹತ್ತು ಕಚೇರಿಗೆ ಹತ್ತು ಸಲ ಅದೇ ಗೋಳು ಹೇಳೋದು ತಪ್ಪಲಿ ಅಂತ. ಇನ್ನು ಬಟ್ಟೆ ಬರೆ ಸಾಮಾನು? ರಾಶಿ ರಾಶಿ ಬಂದು ಗೋದಾಮು ತುಂಬಿತು, ಅದನ್ನ ವಿಂಗಡಿಸೋದೇ ಇನ್ನೊಂದು ಕೆಲಸವಾಯಿತು. 2019ರ ನೆರೆಯಲ್ಲಿ ನಮ್ಮ ರಾಜ್ಯದಲ್ಲೂ ಲಾರಿಗಟ್ಟಲೆ ಹಳೇ ಬಟ್ಟೆ ಹೋಗಿದ್ದು ನೆನಪು ಮಾಡಿಕೊಳ್ಳಿ.

ಮುಂದೆ 2019–20ರ ಬೇಸಗೆ. ಬೆಂಕಿಗೆ ನೇರವಾಗಿ ಸತ್ತವರು 33 ಜನ, ಮೂರು ಸಾವಿರಕ್ಕೂ ಹೆಚ್ಚು ಮನೆ ಭಸ್ಮ. ಆಗ ಸೆಲೆಸ್ಟ್ ಬಾರ್ಬರ್ ಅನ್ನೋ ಹಾಸ್ಯ ಕಲಾವಿದೆ ಫೇಸ್‌ಬುಕ್‌ನಲ್ಲಿ ದೇಣಿಗೆ ಕೇಳಿದರು. 5 ಕೋಟಿ 10 ಲಕ್ಷ ಡಾಲರ್ ಬಂತು. ಕೊಟ್ಟ ಎಷ್ಟೋ ಜನ ಇದು ಮನೆ ಕಳಕೊಂಡವರಿಗೆ, ಪ್ರಾಣಿಗಳಿಗೆ ಹೋಗುತ್ತೆ ಅಂದುಕೊಂಡಿದ್ದರು. ಆದರೆ ಖಾತೆ ಹೆಸರು ನ್ಯೂ ಸೌತ್ ವೇಲ್ಸ್ ರಾಜ್ಯದ ಗ್ರಾಮೀಣ ಬೆಂಕಿದಳದ ಟ್ರಸ್ಟ್‌ದು. ಅದರ ಪತ್ರದಲ್ಲಿ ಬರೆದಿದ್ದು ದಳಗಳ ಸಲಕರಣೆ, ತರಬೇತಿ, ಖರ್ಚು. 2020ರ ಮೇ ತಿಂಗಳಲ್ಲಿ ಕೋರ್ಟ್ ಹೇಳಿತು: ಸತ್ತ, ಗಾಯಗೊಂಡ ದಳದವರ ಕುಟುಂಬಕ್ಕೆ ಕೊಡಬಹುದು, ಆದರೆ ಸುಟ್ಟುಕೊಂಡ ಬೇರೆ ಜನಕ್ಕೆ, ಬೇರೆ ಸಂಸ್ಥೆಗೆ ಕೊಡೋಕಾಗೋಲ್ಲ. ಯಾರೂ ಕದ್ದಿಲ್ಲ, ಯಾರೂ ಮೋಸ ಮಾಡಿಲ್ಲ. ಬರೆದ ಒಂದು ಸಾಲು ಅಷ್ಟೂ ದುಡ್ಡನ್ನ ಬೇರೆ ದಾರಿಗೆ ಹಾಕಿತು. ವಾಟ್ಸಾಪ್ ಗುಂಪಲ್ಲಿ ‘ಇಂಥವರಿಗೆ ಸಹಾಯ ಮಾಡಿ’ ಅಂತ ಕ್ಯೂಆರ್ ಕೋಡ್ ಹಾಕೋ ನಮ್ಮ ಹುಡುಗರು ಇದನ್ನ ಎರಡು ಸಲ ಓದಬೇಕು. ದುಡ್ಡು ಯಾರಿಗೆ, ಯಾವುದಕ್ಕೆ, ಉಳಿದರೆ ಎಲ್ಲಿಗೆ, ಮೂರನ್ನೂ ಮೊದಲೇ ಬರೆದಿಡಬೇಕು.

ಅದೇ ಬೇಸಗೇಲಿ ದೂರದ ರೈತರು ಲಾರಿ ಸಾಲು ಕಟ್ಟಿಕೊಂಡು ಹುಲ್ಲಿನ ಉಂಡೆ ಕಳಿಸಿದರು. ಮೆಲ್ಬರ್ನಿನ ಸಿಖ್ ಸ್ವಯಂಸೇವಕರು ಬೇರ್ನ್ಸ್‌ಡೇಲ್ ಪೇಟೆಗೆ ಹೋಗಿ, ಊರು ಬಿಟ್ಟು ಬಂದವರಿಗೆ ಬಿಸಿ ಅನ್ನ ಸಾರು ಬಡಿಸಿದರು. ಸರ್ಕಾರ ಒಂದು ಜಾಣ ಕೆಲಸ ಮಾಡಿತು: ವಿದೇಶದಿಂದ ರಜೆಗೂ ಕೆಲಸಕ್ಕೂ ಬರೋ ಹುಡುಗರು, ಸುಟ್ಟ ಊರುಗಳಲ್ಲಿ ಬಿಟ್ಟಿ ದುಡಿದರೂ ಅದನ್ನ ವೀಸಾ ವಿಸ್ತರಣೆಗೆ ಬೇಕಾದ ಕೆಲಸದ ದಿನಗಳಲ್ಲಿ ಎಣಿಸ್ತೀವಿ ಅಂತ 2020ರ ಫೆಬ್ರವರಿಯಲ್ಲಿ ಹೇಳಿತು. ಬೇಲಿಗೆ ಆಳು ಸಿಕ್ಕಿತು. ಮಾರ್ಚ್‌ನಲ್ಲಿ ಕೊರೋನಾ ಬಂದು ಆ ಓಟಕ್ಕೆ ಕಡಿವಾಣ ಹಾಕಿತು ಅನ್ನೋದು ಬೇರೆ ಮಾತು.

ಈಗ ನಮ್ಮ ಕಡೆ. ಸೊಪ್ಪಿನ ಬೆಟ್ಟದಿಂದ ಬೆಂಕಿ ಇಳಿದು ತೋಟದ ಅಂಚಿಗೆ ಬಂದರೆ ಹೋಗೋದು ಏನು? ದರಗು, ಕರಡ, ಬೇಲಿ, ಜೇನುಪೆಟ್ಟಿಗೆ, ಕಪ್ಪು ಪೈಪಿನ ಲೈನು, ಅಂಚಿನ ನಾಲ್ಕು ಸಾಲು ಅಡಿಕೆ. ವಿಪತ್ತು ಪರಿಹಾರ ನಿಧಿಯ 2022–26ರ ದರಪಟ್ಟೀಲಿ ‘ಬೆಂಕಿ’ ಅನ್ನೋ ಪದ ಇದೆ, ಅದು ತುಂಬಾ ಜನಕ್ಕೆ ಗೊತ್ತೇ ಇಲ್ಲ. ಬಹುವಾರ್ಷಿಕ ಬೆಳೆ 33 ಪರ್ಸೆಂಟಿಗಿಂತ ಹೆಚ್ಚು ಹಾಳಾಗಿದ್ದರೆ ಹೆಕ್ಟೇರಿಗೆ 22,500 ರೂಪಾಯಿ, ಎರಡು ಹೆಕ್ಟೇರ್ ಮಿತಿ. ಎಕರೆಗೆ ಹಾಕಿದರೆ ಒಂಬತ್ತು ಸಾವಿರ. ಸಸಿ ಇಟ್ಟು ಫಸಲು ಕಾಣೋಕೆ ಐದಾರು ವರ್ಷ ಬೇಕಾದ ಬೆಳೆಗೆ ಇದು ಗುಂಡಿ ತೋಡೋ ಖರ್ಚಿಗೂ ಸಾಲೋದು ಕಷ್ಟ, ಆದರೂ ಬಿಡಬಾರದು. ಒಂದು ತೊಡಕಿದೆ. ಕಾಂಡ ಬೆಂದ ಅಡಿಕೆ ಮರ ಪಂಚನಾಮೆಯ ದಿನ ಹಸಿರಾಗೇ ನಿಂತಿರುತ್ತೆ. ಮಾವು ಹಲಸಿನ ಹಾಗೆ ಅಡಿಕೆಗೆ ಹೊಸ ತೊಗಟೆ ಕೂಡೋಲ್ಲ, ಆ ಗಾಯ ಮಾಗೋಲ್ಲ. ಮರ ಬೀಳೋದು ಆಮೇಲೆ. ಹಾಗಾಗಿ ಬೆಂಕಿ ಆರಿದ ದಿನವೇ ಬೆಂದ ಒಂದೊಂದು ಮರಕ್ಕೂ ಸುಣ್ಣದಲ್ಲಿ ನಂಬರ್ ಹಾಕಿ, ಬುಡ ಕಾಣೋ ಹಾಗೆ ಫೋಟೋ ತೆಗೆದು, ಅರ್ಜಿ ಜೊತೆ ಎಣಿಕೆ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ನಮ್ಮ ಕೇರೀಲಿ ಹೋದ ವರ್ಷ ಒಂದು ಪಟ್ಟಿ ಮಾಡಿದ್ದೆವು: ಯಾರ ಮನೇಲಿ ಸ್ಪ್ರೇಯರ್ ಇದೆ, ಯಾರದ್ದು ಟ್ಯಾಂಕರ್, ಕಳೆ ಕೊಚ್ಚೋ ಮಿಷನ್ ಯಾರ ಹತ್ತಿರ, ರಾತ್ರಿ ಫೋನ್ ಎತ್ತೋರು ಯಾರು. ಈ ಸಲ ಅದರ ಹಿಂಬದೀಲಿ ಎರಡನೇ ಪಟ್ಟಿ ಬರೀತಾ ಇದ್ದೀವಿ. ಬೆಂಕಿ ಆರಿದ ಮೇಲೆ ಯಾರ ಕೊಟ್ಟಿಗೇಲಿ ಎಷ್ಟು ದನಕ್ಕೆ ಜಾಗ, ಯಾರ ಹುಲ್ಲು ಗೊಣಬೆ ಒಡೀಬಹುದು, ಪೈಪ್ ಜೋಡಿಸೋಕೆ ಬರೋರು ಯಾರು, ಮರ ಎಣಿಸಿ ಅರ್ಜಿ ಬರೆಯೋ ಹುಡುಗಿ ಯಾರು, ತಲಾ ಎರಡು ದಿನ ಮುಯ್ಯಿಗೆ ಬರೋರು ಎಷ್ಟು ಜನ. ಇಲ್ಲಿವರೆಗೆ ಹದಿನಾಲ್ಕು ಮನೆ ಹೆಸರು ಕೊಟ್ಟಿವೆ. ಹೊಳೆ ಆಚೆಯವರು ಇನ್ನೂ ಕೊಟ್ಟಿಲ್ಲ. ಶಿವರಾತ್ರಿ ಒಳಗೆ ಕೊಟ್ಟರೆ ಒಂದೇ ಪಟ್ಟೀಲಿ ಸೇರಿಸಿ ಸೊಸೈಟಿ ಗೋಡೆಗೆ ಅಂಟಿಸ್ತೀವಿ.